ಮುಖ ಯಂತ್ರದ್ದು, ಮಾತು ಮನುಷ್ಯರದ್ದು: ಉಕ್ರೇನಿನ ವಿಕ್ಟೋರಿಯಾ ಷಿ ಪ್ರಕರಣ

2024ರ ಮೇ 1ರಂದು ಉಕ್ರೇನಿನ ವಿದೇಶಾಂಗ ಸಚಿವಾಲಯ ಒಂದು ವಿಡಿಯೊ ಹೊರಬಿಟ್ಟಿತು. ಅದರಲ್ಲಿ ಗಾಢ ಬಣ್ಣದ ಸೂಟು ತೊಟ್ಟ ಒಬ್ಬ ಯುವತಿ ಇದ್ದಾಳೆ. ಮಾತಾಡುವಾಗ ಕೈ ಆಡಿಸುತ್ತಾಳೆ, ತಲೆ ಸ್ವಲ್ಪ ಓರೆ ಮಾಡುತ್ತಾಳೆ. ತನ್ನ ಹೆಸರು ವಿಕ್ಟೋರಿಯಾ ಷಿ, ತಾನು ಡಿಜಿಟಲ್ ವ್ಯಕ್ತಿ ಎಂದು ಮೊದಲೇ ಹೇಳಿಬಿಡುತ್ತಾಳೆ. ಸಚಿವಾಲಯದ ಕಾನ್ಸುಲರ್ ಸೇವೆಗೆ, ಅಂದರೆ ಪರದೇಶದಲ್ಲಿರುವ ತನ್ನ ಪ್ರಜೆಗಳಿಗೆ ಕೊಡುವ ಸೇವೆಗೆ, ಸಂಬಂಧಿಸಿದ ಸುದ್ದಿಯನ್ನು ಜನರಿಗೆ ಮುಟ್ಟಿಸುವುದು ಅವಳ ಕೆಲಸ.

ಹೆಸರಿನಲ್ಲೇ ಎರಡು ಅರ್ಥ ಇಟ್ಟಿದ್ದರು. ವಿಕ್ಟೋರಿಯಾ ಅಂದರೆ ಗೆಲುವು. ಉಕ್ರೇನಿಯನ್ ಭಾಷೆಯಲ್ಲಿ ಕೃತಕ ಬುದ್ಧಿಮತ್ತೆಯನ್ನು ಎರಡೇ ಅಕ್ಷರದಲ್ಲಿ ಚಿಕ್ಕದಾಗಿ ‘ಷಿ’ ಅಂತಾರೆ, ನಾವು ಎಐ ಅನ್ನುವ ಹಾಗೆ. ಮುಖ ಮತ್ತು ದನಿ ರೊಜಾಲಿ ನೊಂಬ್ರೆ ಎಂಬ ಗಾಯಕಿಯದು. ಅವರು ದೊನೆತ್ಸ್ಕ್‌ನವರು, ಟಿವಿ ರಿಯಾಲಿಟಿ ಶೋ ಒಂದರಿಂದ ಅಲ್ಲಿನ ಜನರಿಗೆ ಪರಿಚಿತರು. ಈ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಗಾಯಕಿ ಬೇರೆ, ಷಿ ಬೇರೆ, ಅಧಿಕೃತ ಹೇಳಿಕೆ ಕೊಡುವವಳು ಷಿ ಮಾತ್ರ ಎಂದು ಸಚಿವಾಲಯ ಬಿಡಿಸಿ ಹೇಳಿತು.

ಆಗ ವಿದೇಶಾಂಗ ಸಚಿವರಾಗಿದ್ದವರು ದ್ಮಿತ್ರೊ ಕುಲೇಬಾ. ಜಗತ್ತಿನ ಯಾವ ರಾಜತಾಂತ್ರಿಕ ಸೇವೆಯೂ ಇನ್ನೂ ಇಡದ ಹೆಜ್ಜೆ ಇದು ಎಂದು ಅವರು ಹೇಳಿಕೊಂಡರು. ರಾಜತಾಂತ್ರಿಕರ ಸಮಯ ಮತ್ತು ಶ್ರಮ ಉಳಿಸುವುದೇ ಮುಖ್ಯ ಉದ್ದೇಶ ಎಂದರು. ಆಮೇಲೆ ಹೇಳಿದ ಮಾತು ಅದಕ್ಕಿಂತ ಮುಖ್ಯವಾದದ್ದು. ಷಿ ಓದುವ ಪಠ್ಯವನ್ನು ಮನುಷ್ಯರೇ ಬರೆಯುತ್ತಾರೆ, ಮನುಷ್ಯರೇ ಪರಿಶೀಲಿಸುತ್ತಾರೆ. ಎಐ ಕೆಲಸ ಬರೀ ದೃಶ್ಯದ ಭಾಗಕ್ಕೆ.

ತುಂಬಾ ಜನ ಈ ಸಾಲನ್ನು ಗಮನಿಸಲೇ ಇಲ್ಲ. ‘ಎಐ ವಕ್ತಾರೆ’ ಅನ್ನುವ ತಲೆಬರಹ ಓದಿದವರು ಯಂತ್ರವೇ ಯೋಚಿಸಿ ಒಂದು ದೇಶದ ಪರವಾಗಿ ಮಾತಾಡುತ್ತಿದೆ ಅಂದುಕೊಂಡರು. ಹಾಗೇನೂ ಇರಲಿಲ್ಲ. ಷಿ ಚಾಟ್‌ಬಾಟ್ ಅಲ್ಲ. ಪ್ರಶ್ನೆ ಕೇಳಿದರೆ ಉತ್ತರ ಕೊಡುವುದಿಲ್ಲ. ಬರೆದುಕೊಟ್ಟಿದ್ದನ್ನು ಓದುತ್ತಾಳೆ, ಅಷ್ಟೇ.

ಒಂದು ದೇಶ ಎಐಯನ್ನು ರಾಜತಾಂತ್ರಿಕ ಕೆಲಸಕ್ಕೆ ಹಚ್ಚಿದ್ದು, ಅದೂ ಯುದ್ಧದ ನಡುವೆ, ಎಲ್ಲರ ಕಣ್ಣೆದುರಿಗೆ. ಹಾಗಾಗಿ ಈ ಪ್ರಕರಣವನ್ನು ನಿಧಾನವಾಗಿ ನೋಡಬೇಕು ಅನ್ನಿಸಿತು. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಮಾತಿನ ವಿಷಯದಲ್ಲಿ ಉಕ್ರೇನ್ ಸರಿಯಾಗಿ ನಡೆದುಕೊಂಡಿತು. ಮುಖದ ವಿಷಯದಲ್ಲಿ ತಪ್ಪು ದಾರಿ ಹಿಡಿಯಿತು.

ಅದಕ್ಕೂ ಮುಂಚಿನ ಒಂದು ವಾರ

ವಿದೇಶಾಂಗ ಸಚಿವಾಲಯ ಅಂದಕೂಡಲೇ ನಮಗೆ ನೆನಪಾಗುವುದು ಶೃಂಗಸಭೆ, ಕೈಕುಲುಕು, ಒಪ್ಪಂದ. ಸಾಮಾನ್ಯ ಜನರಿಗೆ ಅದು ಕಾಣುವುದು ಬೇರೆ ಥರ. ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದುಹೋದಾಗ, ಅಲ್ಲೇ ಮಗು ಹುಟ್ಟಿದಾಗ, ಯಾರೋ ತೀರಿಕೊಂಡು ದೇಹ ಊರಿಗೆ ತರಬೇಕಾದಾಗ ಹೋಗಿ ನಿಲ್ಲುವ ಕಿಟಕಿ ಅದು. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದಲ್ಲಿ ಬರುವುದೂ ಇಂಥದೇ ಕೆಲಸಗಳು: ತನ್ನ ಪ್ರಜೆಗಳನ್ನು ಕಾಪಾಡುವುದು, ದಾಖಲೆ ಕೊಡುವುದು, ನೆರವಾಗುವುದು.

ಯುದ್ಧ ಶುರುವಾದ ಮೇಲೆ ಉಕ್ರೇನಿನ ಈ ಕಿಟಕಿಗಳ ಮುಂದೆ ಸಾಲು ಬೆಳೆಯುತ್ತಲೇ ಹೋಯಿತು. ದೇಶ ಬಿಟ್ಟು ಹೋದವರು 60 ಲಕ್ಷದ ಆಸುಪಾಸು. ಪೋಲೆಂಡ್, ಜರ್ಮನಿ, ಚೆಕ್ ದೇಶಗಳಲ್ಲಿ ಊರಿಗೆ ಊರೇ ಹೋಗಿ ಕೂತ ಹಾಗೆ. ಒಂದೊಂದು ನಿಯಮ ಬದಲಾದಾಗಲೂ ಅಷ್ಟೂ ಜನಕ್ಕೆ ತಿಳಿಸಬೇಕು. ರಾಯಭಾರ ಕಚೇರಿಗಳಲ್ಲಿ ಇರುವ ಜನ ಮಾತ್ರ ಬೆರಳೆಣಿಕೆಯಷ್ಟು. ಸಮಯ ಉಳಿಸಬೇಕು ಅಂತ ಕುಲೇಬಾ ಹೇಳಿದ್ದು ಸುಮ್ನೆ ಅಲ್ಲ.

ಆದರೆ ಆ ವಿಡಿಯೊ ಬಂದ ಹೊತ್ತನ್ನು ನೋಡಬೇಕು. 2024ರ ಏಪ್ರಿಲ್‌ನಲ್ಲಿ ಉಕ್ರೇನ್ ಸೇನೆಗೆ ಸೇರಿಸಿಕೊಳ್ಳುವ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿತು. ಅದೇ ತಿಂಗಳು ಹೊಸ ಸೇನಾ ಭರ್ತಿ ಕಾನೂನಿಗೆ ಅಧ್ಯಕ್ಷ ಝೆಲೆನ್ಸ್ಕಿ ಸಹಿ ಹಾಕಿದರು. ಅದು ಜಾರಿಯಾಗಬೇಕಿದ್ದದ್ದು ಮೇ 18ಕ್ಕೆ. ಅದಕ್ಕೂ ಮೊದಲೇ, ಏಪ್ರಿಲ್ 23ರಂದು, ವಿದೇಶದಲ್ಲಿರುವ 18ರಿಂದ 60 ವರ್ಷದ ಗಂಡಸರಿಗೆ ಕಾನ್ಸುಲರ್ ಸೇವೆ ನಿಲ್ಲಿಸಲಾಯಿತು. ವಾಪಸ್ ಬರೋದಕ್ಕೆ ಬೇಕಾದ ಕಾಗದ ಮಾತ್ರ ಕೊಡ್ತೀವಿ ಅಂದರು. ಹೊರಗಿದ್ದ ಮಾತ್ರಕ್ಕೆ ತಾಯ್ನಾಡಿನ ಕರ್ತವ್ಯ ತಪ್ಪುವುದಿಲ್ಲ ಎಂಬುದು ಕುಲೇಬಾ ಅವರ ನಿಲುವು. ವಾರ್ಸಾದ ಪಾಸ್‌ಪೋರ್ಟ್ ಕೇಂದ್ರದ ಮುಂದೆ ಗಂಡಸರು ಸಿಟ್ಟಿನಿಂದ ಗುಂಪುಗೂಡಿದರು. ಮೊದಲೇ ಅರ್ಜಿ ಹಾಕಿದವರೂ ಅವರಲ್ಲಿ ಇದ್ದರು.

ವಿಕ್ಟೋರಿಯಾ ಷಿ ಬಂದದ್ದು ಇದಾಗಿ ಎಂಟು ದಿನಕ್ಕೆ. ಸೇವೆ ನಿಲ್ಲಿಸಿದ್ದಕ್ಕೇ ಅವಳನ್ನು ತಂದರು ಅಂತ ನಾನು ಹೇಳುತ್ತಿಲ್ಲ. ಇಂಥ ಕೆಲಸ ಎಂಟು ದಿನದಲ್ಲಿ ಮುಗಿಯುವಂಥದ್ದೂ ಅಲ್ಲ. ಆದರೂ ಆ ಸಾಲಿನಲ್ಲಿ ನಿಂತ ಒಬ್ಬನ ಜಾಗದಲ್ಲಿ ನಿಂತು ನೋಡಿ. ಅವನ ಹತ್ತಿರ ನೂರು ಪ್ರಶ್ನೆ ಇದೆ. ನನ್ನ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಿದೆ, ಇಲ್ಲಿನ ವಾಸದ ಪರವಾನಗಿ ಏನಾಗುತ್ತೆ? ನನಗೆ ಕಾಯಿಲೆ ಇದೆ, ಅದಕ್ಕೆ ವಿನಾಯಿತಿ ಉಂಟಾ? ಕಿಟಕಿ ಮುಚ್ಚಿದೆ. ಅದೇ ವಾರ ಅದೇ ಇಲಾಖೆಯಿಂದ ಒಂದು ಮುಖ ಬರುತ್ತದೆ. ಅದಕ್ಕೆ ಬಾಯಿ ಇದೆ, ಕಿವಿ ಇಲ್ಲ.

ಕೋಪ ಬಂದಾಗ ಎದುರಿಗೆ ಒಬ್ಬ ಅಧಿಕಾರಿ ಇದ್ದರೆ ಕೋಪಕ್ಕೆ ಒಂದು ದಾರಿ ಇರುತ್ತದೆ. ಅವರು ಬೈಸಿಕೊಳ್ಳುತ್ತಾರೆ, ಒಳಗೆ ಹೋಗಿ ಮೇಲಿನವರಿಗೆ ಹೇಳುತ್ತಾರೆ, ಒಂದಿಷ್ಟು ಸಡಿಲಿಕೆ ಆಗುತ್ತದೆ. ರಾಜತಾಂತ್ರಿಕತೆಯ ಅರ್ಧ ಕೆಲಸ ಹೀಗೆ ಕೇಳಿಸಿಕೊಳ್ಳುವುದೇ. ಷಿಯಿಂದ ಉಳಿದ ಸಮಯವನ್ನು ಆ ಕಿಟಕಿಗೆ ಹಾಕಿದ್ದರೆ ಒಳ್ಳೆಯದೇ. ಮುಖ ಬಂತು, ಕಿಟಕಿ ತೆರೆಯಲಿಲ್ಲ ಎಂದಾದರೆ ಮಾತ್ರ ಉಳಿತಾಯದ ಲೆಕ್ಕ ತಪ್ಪುತ್ತದೆ.

ಬರೆದವರು ಯಾರು ಅನ್ನೋದು ಯಾಕೆ ಮುಖ್ಯ

ಪಠ್ಯವನ್ನು ಮನುಷ್ಯರೇ ಬರೆಯಬೇಕು ಎಂಬ ನಿರ್ಧಾರ ಎಷ್ಟು ಸರಿ ಎನ್ನುವುದಕ್ಕೆ ನಾವು ಕೀವ್‌ವರೆಗೆ ಹೋಗಬೇಕಿಲ್ಲ. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯ ಆ ನಟಿಯ ಅಂತಿಮ ದರ್ಶನ ಪಡೆದ ಸುದ್ದಿಯನ್ನು ಮುಖ್ಯಮಂತ್ರಿ ಕಚೇರಿ ಕನ್ನಡದಲ್ಲಿ ಹಾಕಿತು. ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾದ ಯಂತ್ರಾನುವಾದ ಅದನ್ನು ಇಂಗ್ಲಿಷಿಗೆ ತಂದಾಗ, ತೀರಿಕೊಂಡದ್ದು ಮುಖ್ಯಮಂತ್ರಿ ಅನ್ನುವ ಹಾಗೆ ಆಯಿತು. ಸಿದ್ದರಾಮಯ್ಯ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಸರಿಹೋಗುವ ತನಕ ಕನ್ನಡದ ಸ್ವಯಂಚಾಲಿತ ಅನುವಾದ ನಿಲ್ಲಿಸಿ ಎಂದು ಕಂಪನಿಗೆ ಪತ್ರ ಹೋಯಿತು. ಕಂಪನಿ ಕ್ಷಮೆ ಕೇಳಿ, ದೋಷ ಸರಿಪಡಿಸಿದ್ದಾಗಿ ಹೇಳಿತು.

ತಪ್ಪು ಎಲ್ಲಿ ಆಯಿತು ಅನ್ನೋದು ಕನ್ನಡದವರಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮಲ್ಲಿ ‘ನಿನ್ನೆ ನಿಧನರಾದ’ ಅಂದರೆ ಅದು ಮುಂದೆ ಬರುವ ಹೆಸರಿಗೆ ಸೇರುತ್ತದೆ. ಹಿಂದೆ ಇರುವ ಹೆಸರಿಗಲ್ಲ. ಇಲ್ಲಿ ಹಿಂದೆ ಇದ್ದದ್ದು ಮುಖ್ಯಮಂತ್ರಿಯ ಹೆಸರು. ಯಂತ್ರ ಸಾವನ್ನು ಹಿಂದಿನ ಹೆಸರಿಗೆ ಅಂಟಿಸಿತು. ಮಕ್ಕಳೂ ಎಡವದ ಜಾಗದಲ್ಲಿ ಎಡವಿತು.

ಇಂಥದೇ ಒಂದು ರಾಜತಾಂತ್ರಿಕ ಮುಜುಗರ 2020ರ ಜನವರಿಯಲ್ಲಿ ಆಗಿತ್ತು. ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಮ್ಯಾನ್ಮಾರ್ ಭೇಟಿಯಲ್ಲಿದ್ದರು. ಬರ್ಮೀಸ್ ಭಾಷೆಯ ಪೋಸ್ಟ್‌ಗಳನ್ನು ಇಂಗ್ಲಿಷಿಗೆ ತಂದ ಫೇಸ್‌ಬುಕ್ ಅನುವಾದ ಅವರ ಹೆಸರನ್ನು ಬಾಯಲ್ಲಿ ಹೇಳಲಾಗದ ಒಂದು ಪದವಾಗಿ ಮಾಡಿಬಿಟ್ಟಿತು. ಆಗಲೂ ಕಂಪನಿ ಕ್ಷಮೆ ಕೇಳಿತು.

ಈ ಎರಡೂ ಕಡೆ ತಪ್ಪು ಮಾಡಿದ್ದು ಸರ್ಕಾರ ಅಲ್ಲ, ನಡುವೆ ಇದ್ದ ಯಂತ್ರ. ಹಾಗಾಗಿ ಕ್ಷಮೆ ಕೇಳಿ ಮುಗಿಯಿತು. ಆದರೆ ಅದೇ ತಪ್ಪು ಸಚಿವಾಲಯದ ಮೊಹರಿನ ಕೆಳಗೆ ಬಂದಿದ್ದರೆ? ಸೇನಾ ಭರ್ತಿಯ ನಿಯಮದಲ್ಲಿ ‘ವಿನಾಯಿತಿ ಇದೆ’ ಎಂಬುದು ‘ವಿನಾಯಿತಿ ಇಲ್ಲ’ ಎಂದಾಗಿದ್ದರೆ? ಕನ್ನಡದಲ್ಲಿ ‘ಇದೆ’ ಮತ್ತು ‘ಇಲ್ಲ’ದ ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಆ ಒಂದು ಅಕ್ಷರವನ್ನು ನಂಬಿ ಒಬ್ಬ ಗಡಿ ದಾಟುತ್ತಾನೆ ಅಥವಾ ದಾಟುವುದಿಲ್ಲ. ಹೀಗಾಗಿ ಕರಡನ್ನು ಯಂತ್ರ ಬರೆಯಲಿ, ಅನುವಾದದ ಮೊದಲ ಸುತ್ತನ್ನೂ ಅದೇ ಮಾಡಲಿ, ನನಗೆ ತಕರಾರಿಲ್ಲ. ಕೊನೆಯ ಸಲ ಓದಿ ‘ಇದು ನಮ್ಮ ಮಾತು, ಹೊಣೆ ನಮ್ಮದು’ ಅನ್ನಲು ಒಬ್ಬ ಮನುಷ್ಯ ಬೇಕು. ಉಕ್ರೇನ್ ಅದನ್ನು ಮೊದಲ ದಿನವೇ ಎಲ್ಲರೆದುರು ಹೇಳಿತು. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಮುಖದ ಸಮಸ್ಯೆ

ಉಕ್ರೇನಿಗೆ ನಕಲಿ ಮುಖದ ಕಾಟ ಹೊಸದಲ್ಲ. 2022ರ ಮಾರ್ಚ್ 2ರಂದು, ಯುದ್ಧ ಶುರುವಾಗಿ ಒಂದು ವಾರ ಆಗಿತ್ತಷ್ಟೇ, ಉಕ್ರೇನ್ ಸರ್ಕಾರದ ಸಂವಹನ ಕೇಂದ್ರ ತನ್ನ ಜನರಿಗೆ ಒಂದು ಎಚ್ಚರಿಕೆ ಕೊಟ್ಟಿತು. ಝೆಲೆನ್ಸ್ಕಿ ಶರಣಾಗುವ ಡೀಪ್‌ಫೇಕ್ ವಿಡಿಯೊ, ಅಂದರೆ ಎಐಯಿಂದ ಮಾಡಿದ ನಕಲಿ ವಿಡಿಯೊ, ಬರಬಹುದು, ನಂಬಬೇಡಿ ಅಂತ. ಎರಡು ವಾರಕ್ಕೆ ಬಂದೇ ಬಂತು. ಮಾರ್ಚ್ 16ರಂದು ಉಕ್ರೈನಾ 24 ಎಂಬ ಟಿವಿ ವಾಹಿನಿಯನ್ನು ಹ್ಯಾಕ್ ಮಾಡಿದರು. ಶಸ್ತ್ರ ಕೆಳಗಿಡಿ ಎಂದು ಝೆಲೆನ್ಸ್ಕಿ ಹೇಳುವಂಥ ವಿಡಿಯೊ ಹರಿದಾಡಿತು. ನೋಡಿದವರಿಗೆ ಮೋಸ ಗೊತ್ತಾಯಿತು. ತಲೆ ಮೈಗೆ ಹೊಂದುತ್ತಿರಲಿಲ್ಲ. ದನಿ ಬೇರೆ. ಎಚ್ಚರಿಕೆ ಮೊದಲೇ ಬಂದಿದ್ದೂ ಕೆಲಸಕ್ಕೆ ಬಂತು. ಝೆಲೆನ್ಸ್ಕಿ ತಾವೇ ವಿಡಿಯೊ ಮಾಡಿ ಅದನ್ನು ತಳ್ಳಿಹಾಕಿದರು.

ಈ ಅನುಭವ ಇದ್ದದ್ದರಿಂದಲೇ ಇರಬೇಕು, ಷಿಯ ಹೇಳಿಕೆಗಳ ಜೊತೆ ಕ್ಯೂಆರ್ ಕೋಡ್ ಇಟ್ಟರು. ಸ್ಕ್ಯಾನ್ ಮಾಡಿದರೆ ಸಚಿವಾಲಯದ ಜಾಲತಾಣದಲ್ಲಿ ಅದೇ ಹೇಳಿಕೆ ಅಕ್ಷರದಲ್ಲಿ ಸಿಗುತ್ತದೆ. ವಿಚಾರ ಒಳ್ಳೆಯದು. ವಿಡಿಯೊ ನಂಬಬೇಡಿ, ಪಠ್ಯ ನೋಡಿ ಅಂತ ಸಚಿವಾಲಯವೇ ಹೇಳಿದ ಹಾಗಾಯಿತು.

ಆದರೆ ಮೊಬೈಲ್ ಹಿಡಿದು ಮಾಡಿ ನೋಡಿದರೆ ತೊಂದರೆ ಎಲ್ಲಿ ಅಂತ ಕಾಣುತ್ತದೆ. ಕೋಡ್ ವಿಡಿಯೊದ ಒಳಗೇ ಇದ್ದರೆ ನೀವು ವಿಡಿಯೊ ನೋಡುತ್ತಿರುವುದೂ ಅದೇ ಮೊಬೈಲ್‌ನಲ್ಲಿ. ಅದರ ಕ್ಯಾಮೆರಾ ತನ್ನದೇ ಪರದೆಯನ್ನು ಸ್ಕ್ಯಾನ್ ಮಾಡಲಾರದು. ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಆ್ಯಪ್‌ನಲ್ಲಿ ತೆರೆಯಬೇಕು, ಇಲ್ಲವೇ ಪಕ್ಕದವರ ಫೋನ್ ಬೇಕು. ಎಷ್ಟು ಜನ ಮಾಡ್ತಾರೆ? ಇನ್ನು ನಕಲಿ ವಿಡಿಯೊ ಮಾಡುವವನಿಗೆ ನಕಲಿ ಕೋಡ್ ಹಾಕಲು ಒಂದು ನಿಮಿಷ ಸಾಕು. ಅದು ಬೇರೆ ತಾಣಕ್ಕೆ ಹೋಗುತ್ತದೆ, ಆ ತಾಣವೂ ಅಸಲಿಯ ಹಾಗೇ ಕಾಣುತ್ತದೆ. ಕೊನೆಗೆ ಎಲ್ಲ ಬಂದು ನಿಲ್ಲುವುದು ಮೇಲಿನ ವಿಳಾಸದ ಸಾಲನ್ನು ಓದುಗ ಓದಿದನಾ ಇಲ್ಲವಾ ಎಂಬುದರ ಮೇಲೆ.

ನನ್ನ ಮುಖ್ಯ ತಕರಾರು ಇದಕ್ಕಿಂತ ಆಳದ್ದು. ನಕಲಿ ಮುಖದ ವಿರುದ್ಧ ಹೋರಾಡುವ ದೇಶಕ್ಕೆ ಒಂದು ದೊಡ್ಡ ಅನುಕೂಲ ಇರುತ್ತದೆ. ‘ನಮ್ಮ ಕಡೆಯಿಂದ ಯಂತ್ರದ ಮುಖ ಬರುವುದೇ ಇಲ್ಲ’ ಅಂತ ಹೇಳಬಹುದು. ಹಾಗಿದ್ದಾಗ ಸ್ವಲ್ಪ ಯಂತ್ರದ ಹಾಗೆ ಕಂಡರೂ ಜನ ಅನುಮಾನಪಡುತ್ತಾರೆ. ಝೆಲೆನ್ಸ್ಕಿಯ ನಕಲಿ ಸಿಕ್ಕಿಬಿದ್ದಿದ್ದು ಹೀಗೇ. ಷಿ ಬಂದ ಮೇಲೆ ಕಾನ್ಸುಲರ್ ಸುದ್ದಿಯ ಮಟ್ಟಿಗೆ ಆ ಅನುಕೂಲ ಹೋಯಿತು. ಯಂತ್ರದ ಹಾಗೆ ಕಾಣುವುದೇ ಅಸಲಿ ಅಂತಾಯಿತು. ಅವಳ ನಕಲಿ ಮಾಡಿದರೆ ಕಣ್ಣಿನಿಂದ ಹಿಡಿಯುವ ದಾರಿಯೇ ಇಲ್ಲ. ಅಸಲಿಯೂ ಎಐ ಮಾಡಿದ್ದು, ನಕಲಿಯೂ ಎಐ ಮಾಡಿದ್ದು.

ಸೆಪ್ಟೆಂಬರ್ 19ರ ಕರೆ

ಇದರ ಮುಂದಿನ ಅಧ್ಯಾಯ ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕುಲೇಬಾ ಸಚಿವ ಸ್ಥಾನ ಬಿಟ್ಟರು. ಆಂಡ್ರಿ ಸಿಬಿಹಾ ಆ ಜಾಗಕ್ಕೆ ಬಂದರು. ಎರಡು ವಾರ ಕಳೆದಿತ್ತು. ಅಮೆರಿಕದ ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷ ಬೆನ್ ಕಾರ್ಡಿನ್ ಅವರ ಕಚೇರಿಗೆ ಕುಲೇಬಾ ಹೆಸರಿನಲ್ಲಿ ಒಂದು ಇಮೇಲ್ ಬಂತು. ಝೂಮ್‌ನಲ್ಲಿ ಮಾತಾಡೋಣ ಅಂತ. ಕಾರ್ಡಿನ್‌ಗೆ ಕುಲೇಬಾ ಮೊದಲೇ ಪರಿಚಯ. ಒಪ್ಪಿಕೊಂಡರು.

ಸೆಪ್ಟೆಂಬರ್ 19, ಗುರುವಾರ. ಪರದೆಯ ಮೇಲೆ ಕುಲೇಬಾ. ಮುಖ ಅದೇ, ದನಿ ಅದೇ, ಹಿಂದೆ ಭೇಟಿಯಾದಾಗ ಹೇಗಿದ್ದರೋ ಹಾಗೇ. ಮಾತು ಶುರುವಾಯಿತು. ಸ್ವಲ್ಪ ಹೊತ್ತಿಗೆ ಪ್ರಶ್ನೆಗಳ ಧಾಟಿ ಬದಲಾಯಿತು. ಅಮೆರಿಕದ ಚುನಾವಣೆಯ ವಿಷಯ ಬಂತು. ರಷ್ಯಾದ ನೆಲದ ಒಳಕ್ಕೆ ದೂರಗಾಮಿ ಕ್ಷಿಪಣಿ ಹಾರಿಸುವುದಕ್ಕೆ ನಿಮ್ಮ ಬೆಂಬಲ ಇದೆಯಾ, ನನಗೆ ಉತ್ತರ ಬೇಕು ಎಂದು ಆ ಕುಲೇಬಾ ಒತ್ತಾಯಿಸಿದರು. ಕಾರ್ಡಿನ್‌ಗೆ ಏನೋ ಸರಿ ಇಲ್ಲ ಅನ್ನಿಸಿತು. ಕರೆ ಕತ್ತರಿಸಿದರು. ವಿದೇಶಾಂಗ ಇಲಾಖೆಗೆ ತಿಳಿಸಿದರು. ಅವರು ವಿಚಾರಿಸಿ ನೋಡಿದಾಗ, ಆ ಕಡೆ ಇದ್ದದ್ದು ಕುಲೇಬಾ ಅಲ್ಲವೇ ಅಲ್ಲ ಎಂಬುದು ಖಚಿತವಾಯಿತು.

ನಾಲ್ಕೂವರೆ ತಿಂಗಳ ಹಿಂದೆ ಜಗತ್ತಿಗೆ ಡಿಜಿಟಲ್ ಮುಖ ಪರಿಚಯಿಸಿದವರ ಮುಖವನ್ನೇ ಬೇರೆ ಯಾರೋ ಹಾಕಿಕೊಂಡು ಬಂದಿದ್ದರು. ಎರಡೂ ಘಟನೆಗೆ ನೇರ ಸಂಬಂಧ ಇಲ್ಲ. ಷಿ ಇಲ್ಲದಿದ್ದರೂ ಈ ಮೋಸ ನಡೆಯುತ್ತಿತ್ತು. ನನಗೆ ಇದು ಮುಖ್ಯ ಅನ್ನಿಸಿದ್ದು ಬೇರೆ ಕಾರಣಕ್ಕೆ. ಇಲ್ಲಿ ತಲೆ ಮೈಗೆ ಹೊಂದದ ದೋಷ ಇರಲಿಲ್ಲ. ಕಣ್ಣು ಕಿವಿ ಎರಡೂ ಮೋಸಹೋದವು. ಅಪಾಯ ತಪ್ಪಿಸಿದ್ದು ಕಾರ್ಡಿನ್ ಅವರ ಅನುಭವ. ಒಬ್ಬ ರಾಜತಾಂತ್ರಿಕ ಹೀಗೆ ಮಾತಾಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಯಾರೂ ಇನ್ನೊಂದು ದೇಶದ ಹಿರಿಯ ಸೆನೆಟರ್‌ಗೆ ‘ನಿನ್ನ ಉತ್ತರ ಈಗಲೇ ಹೇಳು’ ಅಂತ ಕಟಕಟೆ ಹತ್ತಿಸುವುದಿಲ್ಲ. ಮುಖ ಸರಿ ಇತ್ತು, ನಡೆನುಡಿ ಸರಿ ಇರಲಿಲ್ಲ.

2022ರ ಜೂನ್‌ನಲ್ಲಿ ಬರ್ಲಿನ್ ಮೇಯರ್ ಫ್ರಾಂಜಿಸ್ಕಾ ಗಿಫಿ ಅವರಿಗೂ ಹೀಗೇ ಆಗಿತ್ತು. ಪರದೆಯ ಮೇಲೆ ಕೀವ್ ಮೇಯರ್ ಕ್ಲಿಚ್ಕೊ ಇದ್ದರು. ಜರ್ಮನಿಯಲ್ಲಿರುವ ಉಕ್ರೇನಿನ ಯುವಕರನ್ನು ಯುದ್ಧಕ್ಕೆ ವಾಪಸ್ ಕಳಿಸಲು ನೆರವಾಗಿ ಎಂಬಂಥ ಮಾತು ಬಂದಾಗ ಗಿಫಿ ಅವರಿಗೆ ಅನುಮಾನ ಶುರುವಾಯಿತು. ಮೊದಲು ಎಲ್ಲರೂ ಅದನ್ನು ಡೀಪ್‌ಫೇಕ್ ಅಂದರು. ಆಮೇಲೆ ಜರ್ಮನ್ ಪತ್ರಕರ್ತರು ಕೆದಕಿದಾಗ, ಅದು ಕ್ಲಿಚ್ಕೊ ಅವರ ಹಳೆಯ ಅಸಲಿ ಸಂದರ್ಶನದ ತುಣುಕುಗಳನ್ನು ಜೋಡಿಸಿದ್ದು ಎಂದು ತೋರಿತು. ಮೋಸ ಮಾಡೋದಕ್ಕೆ ಎಐ ಬೇಕೇ ಬೇಕು ಅಂತೇನಿಲ್ಲ. ಎಐ ಅದನ್ನು ಅಗ್ಗ ಮಾಡಿತು, ಅಷ್ಟೇ. 2025ರ ಬೇಸಿಗೆಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರುಬಿಯೊ ಅವರ ದನಿಯನ್ನೇ ಎಐಯಿಂದ ನಕಲು ಮಾಡಿ, ಸಿಗ್ನಲ್ ಆ್ಯಪ್ ಮೂಲಕ ಮೂವರು ವಿದೇಶಾಂಗ ಸಚಿವರನ್ನು ತಲುಪಲು ಯಾರೋ ಯತ್ನಿಸಿದರು. ಈಗ ಅದಕ್ಕೆ ಟಿವಿ ಸ್ಟೇಷನ್ ಹ್ಯಾಕ್ ಮಾಡಬೇಕಿಲ್ಲ, ಒಂದು ಫೋನ್ ಸಾಕು.

ನಮ್ಮ ಕಡೆ ಇಂಥದ್ದು ಬಂದರೆ

ಉಕ್ರೇನ್ ಕನ್ನಡಿಗರಿಗೆ ದೂರದ ಊರಲ್ಲ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ದಿನಸಿ ತರಲು ಹೋಗಿದ್ದ. ಅವನ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ಕ್ಕೆ. ನಮ್ಮ ಎಷ್ಟೋ ಮನೆಗಳಲ್ಲಿ ಆ ಮೂರು ವಾರ ಟಿವಿ ಆರಿಸಿರಲಿಲ್ಲ.

ಅವನು ಸತ್ತ ಮರುದಿನ, ಮಾರ್ಚ್ 2ರಂದು, ಭಾರತದ ರಾಯಭಾರ ಕಚೇರಿ ಖಾರ್ಕಿವ್‌ನಲ್ಲಿರುವ ಭಾರತೀಯರಿಗೆ ಒಂದು ಸೂಚನೆ ಹೊರಡಿಸಿತು. ಕೀವ್ ಸರ್ಕಾರ ಡೀಪ್‌ಫೇಕ್ ಬಗ್ಗೆ ಎಚ್ಚರಿಸಿದ ದಿನವೂ ಅದೇ. ಸೂಚನೆ ಕೆಲವೇ ಸಾಲಿನದು. ತಕ್ಷಣ ಖಾರ್ಕಿವ್ ಬಿಡಿ. ಪೆಸೊಚಿನ್, ಬಬಾಯ್, ಬೆಜ್‌ಲ್ಯುದೊವ್ಕಾ ಕಡೆ ಹೊರಡಿ. ಏನೇ ಆದರೂ ಸಂಜೆ 6ರ ಒಳಗೆ ಅಲ್ಲಿರಬೇಕು. ‘ತಕ್ಷಣ’ ಅನ್ನುವ ಪದವನ್ನು ಒಮ್ಮೆ ಬರೆದು, ‘ಮತ್ತೆ ಹೇಳುತ್ತೇವೆ’ ಎಂದು ಇನ್ನೊಮ್ಮೆ ಬರೆದಿದ್ದರು. ಹಳೆಯ ತಂತಿ ಸಂದೇಶದ ರೂಢಿ ಅದು. ಓದಿದರೆ ಬರೆದವರ ಆತಂಕ ಗೊತ್ತಾಗುತ್ತದೆ. ಬಸ್ಸು, ರೈಲು ಸಿಗದವರು ನಡೆದೇ ಹೋಗಿ ಎಂದು ಆಮೇಲೆ ಹೇಳಿದರು. ಹನ್ನೊಂದರಿಂದ ಹದಿನಾರು ಕಿಲೋಮೀಟರ್. ಮಕ್ಕಳು ಬ್ಯಾಗ್ ಬೆನ್ನಿಗೆ ಹಾಕಿಕೊಂಡು ನಡೆದರು. ಅಂಥ ಮಾತನ್ನು ನಂಬಿ ಬಂಕರ್ ಬಿಟ್ಟು ಹೊರಗೆ ಬರಬೇಕಾದರೆ ಆ ಮಾತು ಎಲ್ಲಿಂದ ಬಂತು ಅನ್ನೋದರ ಬಗ್ಗೆ ಎಳ್ಳಷ್ಟೂ ಸಂಶಯ ಇರಬಾರದು, ಅಲ್ವಾ?

ಆಪರೇಷನ್ ಗಂಗಾ ನಡೆದ ಆ ದಿನಗಳಲ್ಲಿ ಉಕ್ರೇನಿನಿಂದ ಊರಿಗೆ ಮರಳಿದ ಭಾರತೀಯರು 22,500ಕ್ಕೂ ಹೆಚ್ಚು. ಈಗ ಕೇಂದ್ರ ಸರ್ಕಾರದ ಭಾಷಿಣಿ ಅನುವಾದ ಯೋಜನೆ ಇದೆ, ಭಾರತದ ಭಾಷೆಗಳ ನಡುವೆ ಯಂತ್ರಾನುವಾದ ಬೆಳೆಯುತ್ತಿದೆ. ಮುಂದಿನ ಸಲ ಇಂಥ ಸೂಚನೆ ಹೊರಟ ಹತ್ತೇ ನಿಮಿಷಕ್ಕೆ ಕನ್ನಡದಲ್ಲೂ ಬರಬಹುದು. ಬರಬೇಕು. ಹಾವೇರಿಯಲ್ಲೋ ರಾಯಚೂರಲ್ಲೋ ಕೂತು ಮಗಳ ಫೋನ್‌ಗೆ ಕಾಯುವ ತಾಯಿಗೆ ಇಂಗ್ಲಿಷ್ ಸೂಚನೆಯಿಂದ ಏನೂ ಉಪಯೋಗವಿಲ್ಲ. ಎಐಯನ್ನು ನಾನು ಮನಸಾರೆ ಬಯಸುವುದು ಈ ಕೆಲಸಕ್ಕೆ. ಇದಕ್ಕೆ ಸೂಟು ತೊಟ್ಟ ಮುಖ ಬೇಡ. ಪಠ್ಯ ಸಾಕು, ದನಿ ಇದ್ದರೆ ಇನ್ನೂ ಒಳ್ಳೆಯದು. ಎಲ್ಲರಿಗೂ ಗೊತ್ತಿರುವ ಒಂದೇ ವಿಳಾಸದಲ್ಲಿ ಅದು ಇರಬೇಕು. ಓದಿ ಸಂಶಯ ಬಂದರೆ ಕೇಳಲು ಒಂದು ನಂಬರ್ ಬೇಕು, ಆ ಕಡೆ ಫೋನ್ ಎತ್ತಲು ಒಬ್ಬರು ಬೇಕು.

ಹೊರಡುವ ಮುಂಚೆ ಕನ್ನಡ ಬಲ್ಲ ಒಬ್ಬರು ಅದನ್ನು ಒಮ್ಮೆ ಓದಬೇಕು. ಮಾರ್ಚ್ 2ರ ಸೂಚನೆಯಲ್ಲಿ 6 ಗಂಟೆ ಅಂದದ್ದು ಉಕ್ರೇನಿನ ಸಮಯ. ಇಂಗ್ಲಿಷಿನಲ್ಲಿ ಅದನ್ನು ಬಿಡಿಸಿ ಬರೆದಿದ್ದರು. ನಮ್ಮಲ್ಲಿ ಆಗ ರಾತ್ರಿ ಒಂಬತ್ತೂವರೆ. ಅನುವಾದದಲ್ಲಿ ಆ ಒಂದು ಮಾತು ಬಿಟ್ಟುಹೋಗಿದ್ದರೆ, ಇಲ್ಲಿ ಗಡಿಯಾರದಲ್ಲಿ 6 ದಾಟಿದ್ದನ್ನು ನೋಡಿದ ತಾಯಿ ಮಗಳಿಗೆ ಏನೆಂದು ಮೆಸೇಜ್ ಮಾಡುತ್ತಿದ್ದಳು? ಅಲ್ಲಿ ಆಗ ಮಧ್ಯಾಹ್ನ ಎರಡೂವರೆ. ನಡೆಯಲು ಇನ್ನೂ ಮೂರೂವರೆ ಗಂಟೆ ಇತ್ತು.